ಬೆಳ್ಳಕ್ಕಿಗಳೂ ಮೂರೂಕಾಲರ ವಿಮಾನವೂ

ಕಣ್ಣಂಚಿನಲ್ಲಿ ಏನೋ ಬೆಳ್ಳಗೆ, ಮತ್ತೆ ಬಂದವಲ್ಲ ಹಾಳಾದವು, ತಿಯೆನ್‌ಪೊ ತಿರುಗಿ ನೋಡಲಿಲ್ಲ, ನೋಡದಿದ್ದರೂ ಗೊತ್ತು, ಟಿಲ್ಲರ್ ಗದ್ದೆಗಿಳಿದರೆ ಸಾಕು ಬೆಳ್ಳಕ್ಕಿಗಳು ಮದುವೆಯೂಟಕ್ಕೆ ಬಂದ ನೆಂಟರ ಹಾಗೆ ಹಿಂದೆಯೇ ಸಾಲುಗಟ್ಟುತ್ತವೆ, ಮಗುಚಿದ ಮಣ್ಣಲ್ಲಿ ಎರೆಹುಳು, ಕಪ್ಪೆಮರಿ — ಬೇಲಿಯಾಚೆ ರನ್‌ವೇ. ವಿಮಾನ ನಿಲ್ದಾಣದಲ್ಲಿ ಹಕ್ಕಿ ಓಡಿಸುವ ಹುಡುಗಿ ಗಾನ್ ಬೆಳಗ್ಗೆಯೇ ಬಂದು ಹೇಳಿದ್ದಳು, ಮಾವ, ಮೂರರಿಂದ ಮೂರೂವರೆವರೆಗೆ ಉಳಬೇಡಿ, ಹಕ್ಕಿ ಎಂಜಿನ್ನಿಗೆ ಹೋದ್ರೆ ಏನ್ ಗತಿ, ಇವನು ಹೂಂ ಅಂದಿದ್ದ, ನಮ್ಮಪ್ಪ ಉಳುವಾಗ ವಿಮಾನ ಎಲ್ಲಿತ್ತಮ್ಮ ಅಂತ ಮನಸ್ಸಲ್ಲೇ ಗೊಣಗಿದ್ದ, ಹೂಂ ಅನ್ನೋದೇ ಇವನ ರೋಗ, ಹೆಂಡತಿ ಸಿಯೂಚುನ್ ಸಿಡಿದದ್ದೂ ಅದಕ್ಕೇ, ನಲವತ್ತು ವರ್ಷದಿಂದ ಹೂಂಗುಟ್ತಿದೀಯ, ಒಂದಿನ ಬಾಯ್ಬಿಟ್ಟು ಮಾತಾಡಿದ್ದುಂಟಾ ಮುದುಕಾ, ಅಂತ ತೈಪೆಯಲ್ಲಿರೋ ತನ್ನ ತಂಗಿ ಮನೆಗೆ ಹೋಗಿ ಹನ್ನೊಂದು ದಿನ, ಪೊಟ್ಟಣದ ನೂಡಲ್ಸ್ ತಿಂದೂ ತಿಂದೂ ನಾಲಿಗೆ ಸತ್ತಿದೆ, ನಿನ್ನೆ ಅವಳ ಫೋನು ಬಂತು, ನಾಳೆ ಮೂರೂಕಾಲಕ್ಕೆ ಇಳೀತೀನಿ — ಮೂರೂಕಾಲು! ಈಗೆಷ್ಟು? ಅಯ್ಯೋ ಮೂರು ಹನ್ನೆರಡು. ಟಿಲ್ಲರ್ ನಿಲ್ಲಿಸಿದ, ಹಕ್ಕಿಗಳು ಕದಲಲಿಲ್ಲ, ಊಟ ಮುಗಿಯದೆ ಯಾರು ಏಳುತ್ತಾರೆ, ಹೋಯ್, ಹೋಗ್ರೋ, ಅವಳಿದ್ದಾಳೆ ಅದರಲ್ಲಿ, ನನ್ನವಳು, ಅಂಗಿ ಬಿಚ್ಚಿ ಗಿರಗಿರ ಬೀಸಿದ, ಎದ್ದವು, ಎದ್ದು ರನ್‌ವೇ ಕಡೆಗೇ, ಬೇಲಿಯಾಚೆ ಜೀಪಿನಿಂದ ಗಾನ್ ಕಿರುಚಿದಳು, ಮಾವಾ, ಈ ಕಡೆ ಅಟ್ತಾ ಇದೀರಲ್ಲ, ಗುಡ್ಡದ ಕಡೆ ಅಟ್ಟಿ, ಢಂ ಅಂತ ಅವಳ ಪಟಾಕಿ, ಹಕ್ಕಿಗಳು ವಾಪಸ್ಸು, ಇವನು ಬೇಲಿಗೂ ಅವುಕ್ಕೂ ನಡುವೆ ಓಡುತ್ತಾನೆ, ಒಂದು ಬೂಟು ಕೆಸರಿಗೆ, ಇನ್ನೊಂದೂ, ಪ್ಯಾಂಟು ಜಾರುತ್ತಿದೆ, ಜಾರಲಿ, ಹೋಯ್ ಹೋಯ್, ಕುಣಿದ, ಕೂಗಿದ, ನಲವತ್ತು ವರ್ಷದ್ದೆಲ್ಲ ಒಟ್ಟಿಗೇ ಕೂಗಿದ, ಬೆಳ್ಳಗಿನ ಹಿಂಡು ಗುಡ್ಡದತ್ತ ವಾಲಿತು, ತಲೆ ಮೇಲೇ ವಿಮಾನದ ಹೊಟ್ಟೆ, ಗಾಳಿ, ಸಾಲು ಪುಟ್ಟ ಕಿಟಕಿ, ಚಕ್ರ ನೆಲ ಮುಟ್ಟಿತು, ಇವನು ಕೆಸರಲ್ಲಿ ಕೂತ. ಫೋನು. ಅವಳು. ಪಕ್ಕದ ಸೀಟಿನವಳು ಕೇಳಿದ್ಲು, ಯಾರ್ರೀ ಆ ಬರಿಮೈ ಹುಚ್ಚ ಅಂತ, ನಂಗೊತ್ತಿಲ್ಲಪ್ಪ ಅಂದೆ. ಇವನು, ನಿನಗೋಸ್ಕರ ಕಣೇ ಕುಣಿದೆ, ಬಿದ್ದುಬಿಡ್ತೀಯೇನೋ ಅಂತ ಜೀವ ಹೋಗಿತ್ತು, ಬಾರೇ ಮನೆಗೆ. ಆ ಕಡೆ ಮೂಗೆಳೆದ ಸದ್ದು, ಆಮೇಲೆ, ಮೊದಲು ಪ್ಯಾಂಟು ಮೇಲೇರ್ಸು, ಬರ್ತಿದೀನಿ. ಏರಿಸಬೇಕು, ಬೂಟು ಹುಡುಕಬೇಕು, ಏಳಬೇಕು, ಕಣ್ಣಿಂದ ಹೋಗುತ್ತಿಲ್ಲ ತಲೆ ಮೇಲೆ ಹಾದ ಆ ಸಾಲು ಕಿಟಕಿ, ಒಂದರಲ್ಲಿ ಗಾಜಿಗೆ ಒತ್ತಿ ಚಪ್ಪಟೆಯಾದ ಮೂಗು, ಆ ಮೂಗು ಅವಳದೇ —