ಎದುರಾಬದುರು

ನಮ್ಮೂರಲ್ಲಿ ಜಗಳ ಯಾವುದೇ ಇರಲಿ, ಇಬ್ಬರನ್ನೂ ಎದುರಾಬದುರು ನಿಲ್ಲಿಸಿ ಕೇಳುತ್ತಾರೆ. ಮೊದಲು ತಡವರಿಸಿದವರದೇ ತಪ್ಪು. ಹೊಲದ ಬದುವಿನ ಜಗಳಕ್ಕೆ ಇದು ಸಾಕಾಗಿರಬಹುದು. ಆ ಮಂಗಳವಾರ ಶಾಲೆಯ ಆಫೀಸಿನಲ್ಲಿ ಐದನೇ ಇಯತ್ತೆಯ ಹುಡುಗಿಯೊಬ್ಬಳನ್ನು ಹಾಗೆ ನಿಲ್ಲಿಸಲು ಹೊರಟಿದ್ದರು, ಅವಳ ಮಾಸ್ತರರ ಎದುರಿಗೆ.

ಸಂಗನಬಸವ ಮಾಸ್ತರರು ಮನೆಯಲ್ಲಿ ನವೋದಯ ಪರೀಕ್ಷೆಗೆ ಪಾಠ ಹೇಳುತ್ತಿದ್ದರು. ಊರಿನ ಏಳು ಮಕ್ಕಳು ಪಾಸಾಗಿದ್ದರು. ಹೀಗಾಗಿ ಅವರೆಂದರೆ ಎಲ್ಲರಿಗೂ ಕೈಮುಗಿಯುವಷ್ಟು ಗೌರವ. ಈ ಹುಡುಗಿ ಮಾತ್ರ ಪಾಠ ಬಿಟ್ಟಳು. ಹಿಂದಿನ ದಿನ ಶಾಲೆಯ ಶಿಕ್ಷಕಿಯಾದ ನನ್ನ ಬಳಿ ಬಂದು, ತನ್ನೊಬ್ಬಳನ್ನೇ ಉಳಿಸಿಕೊಂಡು ಅವರು ಏನು ಮಾಡುತ್ತಾರೆಂದು ಹೇಳಿದಳು. ನಾನು ಅವಳ ಪಕ್ಕದಲ್ಲಿ ಕುಳಿತೆ. ಅದನ್ನು ಇನ್ನೊಮ್ಮೆ ಹೇಳಿಸುವ ಹಕ್ಕು ನನಗಿರಲಿಲ್ಲ.

"ಹುಡುಗೀನ ಕರೀರಿ ಅಕ್ಕೋರ," ಎಂದರು ಶಾಲಾ ಸಮಿತಿಯ ಅಧ್ಯಕ್ಷ ಕುಬೇರಪ್ಪ. "ಮಾಸ್ತರ ಮುಂದ ಹೇಳ್ಲಿ. ಖರೇ ಇದ್ರ ಹೇಳ್ತಾಳ."

"ಕರಿಯಂಗಿಲ್ರಿ. ಇಷ್ಟು ಮಂದಿ ಗಂಡಸರನ್ನ ನೋಡಿ ಬಾಯಿ ಕಟ್ತೈತಿ ಅಕೀದು. ನೀವು ಸುಳ್ಳು ಅಂತೀರಿ," ಎಂದೆ.

ಮಾಸ್ತರರು ನಕ್ಕರು. "ನನ್ನ ಪಾಠ ಬಂದ್ ಮಾಡ್ಸಿ ತಾವು ಶುರು ಮಾಡವ್ರೇನು, ರೋಹಿಣಿ ಅಕ್ಕೋರು?"

ಸಮಿತಿಯ ಉಳಿದವರೂ ನಕ್ಕರು.

"ಅತಿಥಿ ಶಿಕ್ಷಕಿ ಅದೀರಿ," ಎಂದರು ಕುಬೇರಪ್ಪ. "ಜೂನ್‌ದಾಗ ಮತ್ತ ನೌಕರಿಗೆ ನಮ್ಮ ಕಡೇನ ಬರಬೇಕು."

"ಬರಂಗಿಲ್ಲ ಬಿಡ್ರಿ. ಮುಂಜಾನೇನ 1098ಕ್ಕ ಫೋನ್ ಮಾಡೇನಿ. ಮಕ್ಕಳ ಸಹಾಯವಾಣಿಯವ್ರು ಹೊಂಟಾರ. ಅಕಿ ಹೇಳೂದು ಅವ್ರ ಮುಂದ."

ನಗು ನಿಂತಿತು. ಹುಡುಗಿಯ ಅಜ್ಜಿ ಬಾಗಿಲಲ್ಲಿ ಕುಳಿತಿದ್ದಳು; ಕುಬೇರಪ್ಪ ಅವಳ ಕಡೆ ತಿರುಗಿದರು. "ಮಲಿಕಾಬಿ, ನೀನರ ಹೇಳ ಬೇ. ಹುಡುಗಿ ಹೆಸರು ಕೆಡ್ತೈತಿ. ನಾಳೆ ಲಗ್ನ ಆಗೂದು ಬ್ಯಾಡೇನು?"

"ಅಕೀಗೆ ಹತ್ತು ವರ್ಸ ಲೇ, ಕುಬೇರಪ್ಪಾ. ಹೆಸರು ಕೆಟ್ರ ಮಾಡಿದಾಂವಂದು ಕೆಡ್ಲಿ."

"ನಾನ ಕರಕೊಂಡ ಬರ್ತೇನಿ," ಎನ್ನುತ್ತ ಕುಬೇರಪ್ಪ ಎದ್ದರು.

ಮಲಿಕಾಬಿ ಏಳಲಿಲ್ಲ. ಸೀರೆ ಸರಿಮಾಡಿಕೊಂಡು, ಊದಿದ ಎರಡೂ ಕಾಲುಗಳನ್ನು ಹೊಸ್ತಿಲಿಗೆ ಅಡ್ಡ ಚಾಚಿದಳು.

"ದಾಟ್ಕೊಂಡು ಹೋಗು," ಎಂದಳು.

ಹಿರಿ ಹೆಂಗಸಿನ ಕಾಲು ದಾಟುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಕುಬೇರಪ್ಪ ಎತ್ತಿದ ಹೆಜ್ಜೆಯನ್ನು ಹಿಂದಕ್ಕಿಟ್ಟರು. ಮಾಸ್ತರರು ಕಿಟಕಿಯಾಚೆ ನೋಡತೊಡಗಿದರು. ನಾನು ಹೋಗಿ ಮಲಿಕಾಬಿಯ ಬಾಜು ಕುಳಿತೆ. ಧಾರವಾಡದಿಂದ ಸಹಾಯವಾಣಿಯವರ ಜೀಪು ಬರುವವರೆಗೆ ಒಬ್ಬರೂ ಹೊರಗೆ ಹೋಗಲಿಲ್ಲ. ಅತ್ತ ಐದನೇ ಇಯತ್ತೆಯಲ್ಲಿ ಆ ಹುಡುಗಿಯೂ ಸೇರಿ ಮಕ್ಕಳು ಹದಿಮೂರರ ಮಗ್ಗಿ ಹೇಳುತ್ತಿದ್ದರು.