ಕೆಂಚಯ್ಯನ ಸೋರೆಬುರುಡೆ

ನೆನೆದ ಸೋರೆಬುರುಡೆಯ ವಾಸನೆ, ಕಹಿಯಾಗಿ, ಅಟ್ಟದ ಹೊಗೆಗೆ ಬಾವಿಯ ಪಾಚಿ ಬೆರೆತ ಹಾಗೆ, ಐವತ್ತೆಂಟು ವರ್ಷ ಎಲ್ಲಿ ಅಡಗಿತ್ತೋ, ಈಗ ಕೊಳ್ಳೇಗಾಲದ ಈ ತಗಡು ಚಾವಣಿಯ ಈಜುಕೊಳದಲ್ಲಿ, ಬ್ಲೀಚಿಂಗ್ ಪೌಡರಿನ ಘಾಟನ್ನೂ ಮೀರಿ ಶಿವರತ್ನಮ್ಮನ ಮೂಗಿಗೆ ಬಂತು — ಮಾಂಬಳ್ಳಿಯ ತೋಟದ ಬಾವಿ, ಹತ್ತು ವರ್ಷದ ತಾನು, ಬೆನ್ನಿಗೆ ಹಗ್ಗದಲ್ಲಿ ಬಿಗಿದ ಬುರುಡೆ, ಹೊಟ್ಟೆಯ ಕೆಳಗೆ ಆಳು ಕೆಂಚಯ್ಯನ ಅಂಗೈ, ಬುರ್ಡೆ ನೆಚ್ಕಬ್ಯಾಡಿ ಅವ್ವಾ, ನೀರ್ನ ನೆಚ್ಕಳಿ, ಅವನ ಮಾತು ಬಾವಿಯ ಕಲ್ಲಿಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು, ಆದರೂ ತಾನು ನೆಚ್ಚಿದ್ದು ಬುರುಡೆಯನ್ನೇ, ಅದೇ ತನ್ನನ್ನು ದಡ ಮುಟ್ಟಿಸಿದ್ದು, ಅದರಲ್ಲಿ ಸಂಶಯವಿಲ್ಲ, ಅದಕ್ಕೇ ಅಲ್ಲವೇ ಅದೇ ಬುರುಡೆ ಈಗ ಆರು ವರ್ಷದ ಮೊಮ್ಮಗಳು ದೀಪಶ್ರೀಯ ಬೆನ್ನಿನ ಮೇಲಿರುವುದು. ಶಿವರತ್ನಮ್ಮನ ಹಟಕ್ಕೆ ಬೆಳಿಗ್ಗೆ ಬಟ್ಟೆ ಚೀಲದಲ್ಲಿ ಅದನ್ನು ತಂದವಳು ಕೆಂಚಯ್ಯನ ಮಗಳು ಕೆಂಪಾಜಮ್ಮ, ಇಲ್ಲಿ ನೆಲ ಒರೆಸಿ ಬಾಗಿಲು ಕಾಯುವವಳು, ಈ ಕ್ಲಾಸಿನ ಸುದ್ದಿ ಹೇಳಿದವಳೂ ಅವಳೇ, ಮಗೀನ ಕರ್ಕಬನ್ನಿ ಅಮ್ಮಾವ್ರೆ, ನಾನಿವ್ನಲ್ಲ, ನೋಡ್ಕತೀನಿ ಅಂದಿದ್ದಳು — ಬಂದು ಇಪ್ಪತ್ತು ದಿನ, ಧನುರ್ಮಾಸದ ಚಳಿಯಲ್ಲಿ ಮೊದಲನೇ ಬಸ್ಸು ಹಿಡಿದು, ನಾಲ್ಕು ವರ್ಷದ ತಮ್ಮ ಬಸು ಮಕ್ಕಳ ಗುಂಡಿಯಲ್ಲಿ ಎಮ್ಮೆಯ ಹಾಗೆ ಹೊರಳುತ್ತಾನೆ, ಅಕ್ಕ ಮಾತ್ರ ಕೊಳದ ಅಂಚಿನ ಕಂಬಿ ಬಿಡುವುದಿಲ್ಲ, ತುಟಿ ನೇರಳೆಯಾದರೂ ಬಿಡುವುದಿಲ್ಲ.

ಇವತ್ತು ಕೊನೆಯ ಕ್ಲಾಸು, ನಾಳಿದ್ದು ಸಂಕ್ರಾಂತಿ, ತಾನು ಕೊಟ್ಟ ಮಾತಿನ ಗಡುವೂ ಅದೇ — ಆಗಸ್ಟಿನಲ್ಲಿ ಮನೆ ಹಿಂದಿನ ನಾಲೆಗೆ ಜಾರಿದ ಮಗು, ಹುಲ್ಲು ಕುಯ್ಯುತ್ತಿದ್ದ ಯಾರೋ ಜಡೆ ಹಿಡಿದು ಎಳೆದು ಉಳಿಸಿದರು, ಪುಣ್ಯಾತ್ಮರು, ಅಂದಿನಿಂದ ತಲೆಗೆ ಚೊಂಬು ನೀರು ಹುಯ್ದರೂ ಚೀರುತ್ತಾಳೆ, ಶಾಲೆಯ ದಾರಿಯೋ ನಾಲೆಯ ಏರಿಯ ಮೇಲೆಯೇ, ಅತ್ತೆ, ನನಗೆ ದಿನಾ ಜೀವ ಕೈಯಲ್ಲಿ ಹಿಡ್ಕೊಂಡಿರೋಕಾಗಲ್ಲ, ನಮ್ಮಮ್ಮನ ಮನೇಲಿ ಓದಲಿ ಅಂತ ಸೊಸೆ ಬಟ್ಟೆ ಜೋಡಿಸಿಟ್ಟಿದ್ದಳು, ಸಂಕ್ರಾಂತಿಯೊಳಗೆ ಈಜು ಕಲಿಸ್ತೀನಿ ಕಣಮ್ಮ, ಕಲೀಲಿಲ್ಲ ಅಂದ್ರೆ ಕಳಿಸು, ನಾನು ಅಡ್ಡ ಬರಲ್ಲ ಎಂದು ತಾನೇ ಅಂದದ್ದು, ಅಂದದ್ದಕ್ಕೆ ಪಶ್ಚಾತ್ತಾಪವಿಲ್ಲ, ಕಲಿಯುತ್ತಾಳೆ, ನಮ್ಮ ಮನೆಯ ಹುಡುಗಿ. ಕಲಿಸುವ ಹುಡುಗ ನಟರಾಜು ಮೊದಲು ನಕ್ಕ, ಅಜ್ಜೀ, ಇದನ್ನ ಕಟ್ಟೋದು ತಂಬೂರಿಗೆ, ಮಗೀಗಲ್ಲ, ಅಂದ, ಕೆಂಪಾಜಮ್ಮ ಸೊಂಟಕ್ಕೆ ಕೈ ಕೊಟ್ಟು, ನಿನ್ ಪಿಲಾಸ್ಟಿಕ್ ಕಟ್ಟಿ ಇಪ್ಪತ್ ದಿನಾಯ್ತಲ್ಲ ನಟರಾಜಪ್ಪ, ಮಗ ಕಂಬಿ ಬುಟ್ಟದಾ, ಎಂದು ಕೇಳಿ ಅವನ ಕಿವಿಯಲ್ಲಿ ಇನ್ನೂ ಏನೋ ಹೇಳಿದಳು, ಅವನು ಬುರುಡೆಯನ್ನು ನಲ್ಲಿಯ ಕೆಳಗೆ ತೊಳೆದ, ಹಗ್ಗ ಒತ್ತದಿರಲೆಂದು ತನ್ನದೇ ಟವಲು ಮಡಿಸಿ ಮಗುವಿನ ಎದೆಗೆ ಕೊಟ್ಟ, ಯಾರೂ ಹೇಳದೆ — ಇಂಥದ್ದನ್ನು ಮರೆಯಬಾರದು.

ಬುರುಡೆಯೊಳಗೆ ಬೀಜ ಗಿಲಗಿಲ, ಅಜ್ಜೀ, ಒಳಗೆ ಯಾರೋ ಇದಾರೆ, ಎಂದಳು ದೀಪಶ್ರೀ, ಇದಾರೆ ಕಂದ, ನಿನ್ನ ಜೊತೆಗೆ ಬರ್ತಾರೆ ನೋಡು, ಎಂದದ್ದೇ ಒಂದು ಕೈ ಕಂಬಿ ಬಿಟ್ಟಿತು, ಇನ್ನೊಂದು ಕೈಯಲ್ಲಿ ಎರಡೇ ಬೆರಳು, ಒಂದು, ಶಿವಶಿವಾ, ಸೆರಗಿನೊಳಗಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ಶಿವರತ್ನಮ್ಮ ಕೊಳದ ಅಂಚಿಗೆ ಬಾಗಿದ್ದಾಳೆ, ಕಂಬಿ ಬರಿದಾಗಿದೆ, ಪುಟ್ಟ ಕಾಲುಗಳು ನೀರು ಬಡಿಯುತ್ತಿವೆ, ಪಕ್ಕದಲ್ಲೇ ನಟರಾಜು, ಬುರುಡೆ ತೇಲುತ್ತಿದೆ, ತೇಲುತ್ತಿದೆ, ಇಲ್ಲ — ಅದರಿಂದ ಗುಳ್ಳೆ ಏಳುತ್ತಿದೆ, ಗುಳುಗುಳು, ಸಾಲಾಗಿ, ಬುರುಡೆ ಮುಳುಗುತ್ತಿದೆ, ಅಯ್ಯೋ ಬಿರುಕು ಬಿಟ್ಟಿದೆ, ಹಳೇ ಬುರುಡೆ, ತನ್ನ ಹಟ, ತನ್ನ ಬುದ್ಧಿಗೆ ಏನಾಗಿತ್ತು, ಕೂಗಲು ಬಾಯಿ ತೆರೆದರೆ ಕೆಂಪಾಜಮ್ಮನ ಒದ್ದೆ ಕೈ ಮುಂಗೈ ಹಿಡಿಯಿತು. ಸುಮ್ಕಿರಿ ಅಮ್ಮಾವ್ರೆ, ಕೂಗುದ್ರೆ ಮಗ ಎದರ್ಕತದೆ, ನಟರಾಜಪ್ಪಂಗೆ ಏಳಿವ್ನಿ, ಅದು ಬಿರುಕಲ್ಲ, ಸೂಜಿ ತೂತ, ನಮ್ಮಪ್ಪ ಮಾಡಿದ್ದು, ಕಡೇ ದಿನ ತೂತ ಮಾಡ್ಬುಟ್ಟು ಕಟ್ಟೋನು, ನೀರ್ ತುಂಬ್ಕಂಡದ್ದು ಮಕ್ಳಿಗೆ ಗೊತ್ತಾಗ್ತಿರ್ನಿಲ್ಲ, ನಿಮ್ಗೂ ಇಂಗೇಯ. ನನಗೂ? ಊಂ ಕಣ್ರವ್ವ, ಅರ್ಧ ಬಾವಿ ನೀವೇ ಈಜಿದ್ದು. ನಿನಗೆ ಹೇಗೆ ಗೊತ್ತು ಕೆಂಪಿ? ಮೇಲ್ನೇ ಮೆಟ್ಲಲ್ಲಿ ಕೂತಿದ್ನಲ್ಲ, ಗುಳ್ಳೆ ಬರಾದ ನೋಡ್ತಿದ್ದೆ.

ಮೇಲಿನ ಮೆಟ್ಟಿಲು — ಹೌದು, ಅಲ್ಲೊಬ್ಬಳು ಹುಡುಗಿ ಇದ್ದಳು, ತನ್ನದೇ ವಯಸ್ಸು, ಲಂಗ ಮಡಿಸಿ ಮಂಡಿ ಅಪ್ಪಿಕೊಂಡು, ತೊಡೆಯ ಮೇಲೆ ತಾನು ಈಜಿ ಬಂದಾಗ ಒರೆಸಿಕೊಳ್ಳಲು ಒಣ ಟವಲು, ಪ್ರತಿದಿನ, ಕೆಂಚಯ್ಯ ಬಾವಿಯ ಹೂಳು ತೆಗೆಯಲು ಇಳಿಯಬಹುದಿತ್ತು, ಯಜಮಾನರ ಮಕ್ಕಳಿಗೆ ಈಜು ಕಲಿಸಲು ಇಳಿಯಬಹುದಿತ್ತು, ತನ್ನ ಮಗಳನ್ನು ಇಳಿಸುವಂತಿರಲಿಲ್ಲ, ಮೈಸೂರಿನಲ್ಲಿ ಬಿ.ಎಸ್ಸಿ. ಓದಿ ಬಂದ ಮೇಲೂ ತಾನು ಒಂದು ದಿನವೂ ಕೇಳಲಿಲ್ಲ, ಈಗ ಕೇಳಿದಳು, ನಿನಗೆ ಈಜು ಬರುತ್ತಾ? ಕೆಂಪಾಜಮ್ಮ ನಕ್ಕಳು, ನೋಡಿ ನೋಡಿ ಕಣ್ಗೆಲ್ಲ ಗೊತ್ತು ಅಮ್ಮಾವ್ರೆ, ಮೈಗೊಂದ್ ಗೊತ್ತಿಲ್ಲ. ಬರುವ ತಿಂಗಳು ಇಬ್ಬರೂ ಹೆಸರು ಬರೆಸೋಣ, ಎಂದಳು ಶಿವರತ್ನಮ್ಮ, ನಿನ್ನ ಹೊಟ್ಟೆಯ ಕೆಳಗೆ ಅಂಗೈ ಹಿಡಿಯುವುದು ನಾನು, ಅರವತ್ತೆಂಟಾದರೇನು, ನೀರಿಗೆ ವಯಸ್ಸು ತಿಳಿಯದು, ಸುಮ್ಕಿರಿ ಅಮ್ಮಾವ್ರೆ, ಜನ ನಗ್ತರೆ, ನಗಲಿ — ಅಷ್ಟರಲ್ಲಿ ಆಚೆ ದಡದ ಗೋಡೆಗೆ ಪುಟ್ಟ ಕೈಯೊಂದು ಬಡಿಯಿತು, ಅಜ್ಜೀ ಮುಟ್ದೇ, ಎಂಬ ದೀಪಶ್ರೀಯ ಕೂಗು, ತಗಡಿಗೆಲ್ಲ ಮಾರ್ದನಿ, ಬೆನ್ನಲ್ಲಿ ನೀರು ತುಂಬಿದ ಬುರುಡೆ, ಸೊಸೆ ಬಟ್ಟೆಯನ್ನು ಮತ್ತೆ ಬೀರುವಿಗೆ ಇಡಲಿ, ನೀರಿನ ಮೇಲೆ ಗುಳ್ಳೆ ಇನ್ನೂ ಒಡೆಯುತ್ತಿದೆ, ಒಂದೊಂದಾಗಿ. ಕೆಂಪಾಜಮ್ಮ ಗೋಡೆಯ ಮೊಳೆಯಿಂದ ತನ್ನ ಬುತ್ತಿಯ ಚೀಲ ಇಳಿಸಿದಳು, ಮಕ್ಕಳು ನಡುಗುತ್ತಿರುವುದನ್ನು ಒಮ್ಮೆ ನೋಡಿ, ಡಬ್ಬಿಯ ಮುಚ್ಚಳ ತೆಗೆದಳು, ಮುದ್ದೆ, ಅವರೇಕಾಳಿನ ಸಾರು, ಇನ್ನೂ ಹಬೆ, ಅವರ ಮನೆಯ ಅನ್ನ ತನ್ನ ಮನೆಯ ಹೊಸಿಲು ದಾಟಿದ್ದೇ ಇಲ್ಲ, ಒಂದು ಸಲವೂ, ಗುಳ್ಳೆ, ಮೇಲಿನ ಮೆಟ್ಟಿಲು, ಒಣ ಟವಲು, ಆ ಹುಡುಗಿ — ಶಿವರತ್ನಮ್ಮ ಎರಡೂ ಕೈ ಚಾಚಿದಳು, ಕೆಂಪಾಜಮ್ಮ ಡಬ್ಬಿಯನ್ನು ಆ ಕೈಗಳಲ್ಲಿಟ್ಟಳು.