ಹಳದಿ ಕೈ ಎಡವೋ ಬಲವೋ

ಸೆಬೆ, ಅಂದರೆ ತಪ್ಪು ತಿಳಿಯಬೇಡಿ, ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಲವತ್ತೊಂದು ಮಂದಿ ಇದ್ದಾರೆ, ನಲವತ್ತೊಂದು ಮಂದಿಯೂ ಎಲ್ಲ ಬಲ್ಲವರು. ಮಲೇರಿಯಾಕ್ಕೆ ಮದ್ದು, ಸೈತಾನನ ಮುಂದಿನ ಕಾರ್ಯಕ್ರಮ, ಚಂದ್ರನ ಮೇಲೆ ಕಾಲಿಟ್ಟವರ ಬೂಟಿನ ಗುಟ್ಟು, ಎಲ್ಲವೂ ಬೆಳಗಿನ ಗಂಜಿ ಆರುವುದರೊಳಗೆ ಇತ್ಯರ್ಥವಾಗಿರುತ್ತದೆ. ಇಂಥ ಪಂಡಿತ ಸಭೆಗೆ ಫೀಫಿಯನ್ನು ನಾನೇ ಕೈಯಾರೆ ಸೇರಿಸಿದೆ.

ಫೀಫಿ ನಾನು ಮದುವೆಯಾಗಬೇಕೆಂದಿದ್ದ ಹುಡುಗ. ಇಲ್ಲೇ ಕೊಫೊರಿಡುವಾದ ಶಾಲೆಯೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಶನಿವಾರ ಅವನ ಕಡೆಯವರು ಎರಡು ಬಾಟಲಿ ಜಿನ್ ಹಿಡಿದು ನಮ್ಮ ಬಾಗಿಲು ಬಡಿಯುವ ಶಾಸ್ತ್ರವಿತ್ತು. ನನ್ನ ಸೋದರಮಾವ ವೋಫಾ ನಿಮೊ ಆ ಬಾಟಲಿಗಳನ್ನು ತೆಗೆದುಕೊಂಡರೆ ಮದುವೆ. ಇಲ್ಲದಿದ್ದರೆ ಜಿನ್ ಬಂದ ದಾರಿಯಲ್ಲೇ ವಾಪಸ್ಸು. ಅಪ್ಪ ಒಪ್ಪಿದ್ದ. ಅದರಿಂದೇನು? ನಮ್ಮಲ್ಲಿ ಮನೆತನ ತಾಯಿಯ ಕಡೆಯಿಂದ, ತೀರ್ಮಾನ ವೋಫಾನ ಬಾಯಿಂದ.

ಸೋಮವಾರ ವೋಫಾ ಒಂದು ಫೋಟೋ ಹಾಕಿದರು. ಬೆಟ್ಟದ ಮೇಲೆ ಬಿಳಿಯ ಮೋಡ. ಕೆಳಗೆ ಬರೆದಿದ್ದರು: "ರೆಕ್ಕೆ ನೋಡಿ. ದೇವದೂತ. ಹತ್ತು ಜನಕ್ಕೆ ಕಳಿಸಿ." ಇಪ್ಪತ್ತು ಮಂದಿ ಆಮೆನ್ ಎಂದರು. ಇಪ್ಪತ್ತೊಂದನೆಯವನು ಫೀಫಿ.

"ಇದು ದೇವದೂತ ಅಲ್ಲ. ನೀರಿನ ಹನಿಗಳು, ಅಷ್ಟೆ."

ಆಮೇಲೆ ವೋಫಾ ಕೇಳಿದರು: "ಯಾರಪ್ಪಾ ಈ ಹನಿ?"

ಮಂಗಳವಾರದ ಹೊತ್ತಿಗೆ ಮಾತು ಮೋಡದಿಂದ ಭೂಮಿಗಿಳಿದು, ಭೂಮಿಯ ವಯಸ್ಸಿಗೆ ಬಂದು ನಿಂತಿತು. ವೋಫಾ ಆರು ಸಾವಿರ ವರ್ಷ ಎಂದರು. ಫೀಫಿ ನಾನೂರೈವತ್ತು ಕೋಟಿ ಎಂದ, ಜೊತೆಗೆ ಯಾರೂ ತೆರೆಯದ ಏಳು ಲಿಂಕ್ ಕಳಿಸಿದ. ಬುಧವಾರ ವೋಫಾ ಕೊನೆಯ ಮಾತು ಬರೆದರು: "ಶನಿವಾರ ನಾನು ಊರಲ್ಲಿರಲ್ಲ."

ನಾನು ಮಣಿ ಪೋಣಿಸುತ್ತಿದ್ದ ದಾರ ಬಿಟ್ಟು ಫೀಫಿಯ ಮನೆಗೆ ಓಡಿದೆ.

"ನಾನು ಶಾಂತವಾಗೇ ಇದ್ದೆ, ದೂಫಿಯೆ. ಒಂದ್ಸಲನೂ ದನಿ ಎತ್ತಲಿಲ್ಲ."

"ಟೈಪ್ ಮಾಡೋವಾಗ ದನಿ ಎಲ್ಲಿಂದ ಎತ್ತಿಯೋ ಮಾರಾಯ?"

"ಆನ್‌ಲೈನ್ ವಾದದಲ್ಲಿ ತಾಳ್ಮೆ ಕಾಪಾಡೋದು ಹೇಗೆ ಅಂತ ಓದಿದೀನಿ. ಪ್ರತಿ ಉತ್ತರಕ್ಕೂ ಮುಂಚೆ ಹತ್ತರ ತನಕ ಎಣಿಸಿದೆ."

ಪಾಪ, ಎಣಿಸಿದ್ದ. ಹತ್ತರ ತನಕ ಎಣಿಸಿ, ನೀರು ಕುಡಿದು, ನಿರುಮ್ಮಳವಾಗಿ ನನ್ನ ಮದುವೆಗೆ ಬೆಂಕಿ ಹಚ್ಚಿದ್ದ.

ಅಲ್ಲಿಂದ ವೋಫಾನ ಮನೆಗೆ ಹೋದೆ. ಅವರು ಅಂಗಳದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

"ವೋಫಾ, ಒಂದು ಮೋಡದ ಸಲುವಾಗಿ..."

"ಅದು ಮೋಡ ಅಂತ ನಂಗೊತ್ತಿಲ್ವೇನೆ? ಮೂವತ್ತು ವರ್ಷ ಲಾರಿ ಸ್ಟ್ಯಾಂಡಲ್ಲಿ ಆಕಾಶ ನೋಡ್ಕೊಂಡೇ ಗಾಡಿ ಬಿಟ್ಟಿದೀನಿ. ನಾನು ಕೇಳೋದು ಒಂದೇ. ಸೆಬೆ ಎಲ್ಲಿ?"

ಆಗ ನನಗೆ ಅಜ್ಜಿ ನಾನಾ ಪೋಮಾ ಹೇಳುತ್ತಿದ್ದ ಕಥೆ ನೆನಪಾಯಿತು. ರಣಹದ್ದು ಅರಸನಿಗೆ "ನಿಮ್ಮ ಕೊಡೆ ತೂತು" ಎಂದಿತಂತೆ. ಮಾತು ನಿಜವೇ, ಆದರೆ ಮೊದಲು ಸೆಬೆ ಅನ್ನಲಿಲ್ಲ. ಅಂದಿನಿಂದ ಅದರ ತಲೆಯ ಮೇಲೆ ಗರಿಯಿಲ್ಲ. ಗಿಳಿ ಅದೇ ಮಾತನ್ನು ಸೆಬೆ ಹೇಳಿ ಅಂದಿತು, ಕೆಂಪು ಬಾಲ ಬಹುಮಾನವಾಗಿ ಬಂತು. ತಪ್ಪು ತಿಳಿಯಬೇಡಿ ಎನ್ನುವ ಆ ಒಂದು ಮಾತು ಮುಂದಿದ್ದರೆ ನಮ್ಮಲ್ಲಿ ದೊಡ್ಡವರಿಗೆ ಏನು ಬೇಕಾದರೂ ಹೇಳಬಹುದು.

ಫೀಫಿಗೆ ಹೇಳಿದೆ. ಅವನು ಕಣ್ಣರಳಿಸಿದ. "ಬಾಯಲ್ಲಾದ್ರೆ ದಿನಾ ಅಂತೀನಲ್ಲೇ. ಟೈಪ್ ಮಾಡೋವಾಗ್ಲೂ ಬೇಕಾ?"

ಗುರುವಾರ ಮಧ್ಯಾಹ್ನ ಅವನು ಬರೆದ: "ಸೆಬೆ ವೋಫಾ, ಭೂಮಿಗೆ ನಾನೂರೈವತ್ತು ಕೋಟಿ ವರ್ಷ." ಕೊನೆಗೆ, ವಿನಯ ಸಾಲದೆಂದು, ಬೆರಳು ಅಗಲಿಸಿದ ಒಂದು ಹಳದಿ ಕೈಯ ಇಮೋಜಿ ಅಂಟಿಸಿದ.

ವೋಫಾ ಕರಗಿಹೋದರು. "ಸೆಬೆ ಮೇಷ್ಟ್ರೇ, ನಿಮ್ಮ ತಲೇಲಿ ಇರೋದು ಫುಫು ಮುದ್ದೆ. ಆದ್ರೂ ಸಂತೋಷ." ಜೊತೆಗೆ ನಗುವ ಮುಖ. ನಾನು ಮದುವೆಯ ಮಣಿಸರದ ಬಣ್ಣ ಆರಿಸತೊಡಗಿದೆ. ಐದು ನಿಮಿಷದ ನಂತರ ವೋಫಾ ಮತ್ತೆ ಬಂದರು.

"ಆ ಕೈ ಎಡಗೈ."

ದೊಡ್ಡವರಿಗೆ ಎಡಗೈ ತೋರಿಸಿದವನನ್ನು ನಮ್ಮೂರಲ್ಲಿ ನಾಯಿಯೂ ಮೂಸುವುದಿಲ್ಲ.

"ಅಯ್ಯೋ ವೋಫಾ, ಬಲಗೈ ಅದು!" ಎಂದು ಫೀಫಿ ಬರೆದ.

"ಹೆಬ್ಬೆರಳು ಎಡಗಡೆ ಇದೆ. ಅಂಗೈ ಆದ್ರೆ ಎಡ. ಮುಂಗೈ ಆದ್ರೆ ಬಲ. ಅಂಗೈ ಅಂದ್ರೆ ರೇಖೆ ಎಲ್ಲಿ? ಮುಂಗೈ ಅಂದ್ರೆ ಉಗುರೆಲ್ಲಿ? ಪುರಾವೆ ಕೊಡು."

"ನನ್ನ ಮಾತು ನಂಬಿ ವೋಫಾ."

"ನಂಬಿಕೆ ಯಾರಿಗೆ ಬೇಕಪ್ಪಾ? ಪುರಾವೆ!"

ಬೆಟ್ಟದ ಮೇಲೆ ದೇವದೂತನನ್ನು ಕಂಡವರು ಈಗ ಭೂತಗನ್ನಡಿ ಹಿಡಿದು ಕೂತರು. ಏಳು ಲಿಂಕ್ ಕಳಿಸಿದವನು ನಂಬಿ, ನಂಬಿ ಎಂದು ಅಳತೊಡಗಿದ. ಮನೆತನವಿಡೀ ಪ್ರಯೋಗಕ್ಕಿಳಿಯಿತು. ಗುಂಪಿನ ತುಂಬ ಕೈಗಳ ಫೋಟೋ: ಹಿಟ್ಟು ಮೆತ್ತಿದ ಕೈ, ಉಂಗುರ ತೋರಿಸಲೆಂದೇ ಚಾಚಿದ ಕೈ. ಕುಮಾಸಿಯ ಚಿಕ್ಕಮ್ಮ ಎರಡೂ ಕೈ ಹಾಕಿ, ಯಾವುದು ಯಾವುದೆಂದು ಮರೆತಳು. ಸಂಜೆಗೆ ತೀರ್ಪು ಹತ್ತೊಂಬತ್ತು ಎಡ, ಹತ್ತೊಂಬತ್ತು ಬಲ. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಸೆಬೆ ಅನ್ನುವಷ್ಟು ತಾಳ್ಮೆ ಉಳಿದಿರಲಿಲ್ಲ.

ನಾನಾ ಪೋಮಾಗೆ ಫೋನಿಲ್ಲ. ನಾನು ಮೂಗೊರೆಸಿಕೊಳ್ಳುತ್ತಾ ಎಲ್ಲವನ್ನೂ ಓದಿ ಹೇಳುತ್ತಿದ್ದರೆ, ಅವಳು ಹಲ್ಲುಜ್ಜುವ ಕಡ್ಡಿ ಅಗಿಯುತ್ತಾ ಕೇಳುತ್ತಿದ್ದಳು.

"ಅವನು ಬರೆದದ್ದು ಮೊದ್ಲಿಂದ ಓದೇ ಇನ್ನೊಂದ್ಸಲ."

"ಸೆಬೆ ವೋಫಾ, ಭೂಮಿಗೆ..."

"ಸಾಕು. ಅದರ ಬಾಯಿ ಒತ್ತು, ನಾನು ಮಾತಾಡ್ಬೇಕು."

ನಾನು ಧ್ವನಿಮುದ್ರಣದ ಗುಂಡಿ ಒತ್ತಿ ಹಿಡಿದೆ.

"ನಿಮೊ, ನಾನು ಕಣೋ, ನಿನ್ನ ಹೆತ್ತವಳು. ಬಲಗೈಲಿ ಮಗು ಇದ್ರೆ ಸೆಬೆ ಅಂದು ಎಡಗೈಲಿ ಉಪ್ಪು ಕೊಡಲ್ವೇನೋ ನಾವು? ಹುಡುಗ ಸೆಬೆ ಅಂದಿದಾನೆ. ಆ ಸೆಬೆ ಕೋಟಿಗೋ ಕೈಗೋ ಅಂತ ಬರೆದಿದಾನಾ? ಇಲ್ಲ. ಎರಡಕ್ಕೂ ಆಯ್ತು. ಇನ್ನು ಎಲ್ಲರೂ ಕೈ ತೊಳ್ಕೊಂಡು ಊಟ ಮಾಡಿ."

ಗುಂಪಿನಲ್ಲಿ ನಲವತ್ತೊಂದು ಮಂದಿ ಒಟ್ಟಿಗೆ ಸುಮ್ಮನಾದದ್ದು ಅದೇ ಮೊದಲು. ಅದನ್ನು ಪವಾಡವೆಂದು ಫೀಫಿಯೂ ಒಪ್ಪಿದ.

ಶನಿವಾರ ವೋಫಾ ಊರಲ್ಲೇ ಇದ್ದರು. ಫೀಫಿಯ ಚಿಕ್ಕಪ್ಪ ಬಾಗಿಲು ಬಡಿದು ಜಿನ್ ಮುಂದೆ ಚಾಚಿದಾಗ, ವೋಫಾ ಬಲಗೈಯಲ್ಲಿ ಫೋನೆತ್ತಿ ಕಿಟಕಿಯಾಚೆ ಬೆಟ್ಟದ ಮೇಲಿನ ಮೋಡದ ಫೋಟೋ ತೆಗೆಯುತ್ತಿದ್ದರು. ಎಲ್ಲರೂ ಕಾದರು.

"ಸೆಬೆ, ಎಡಗೈ," ಎಂದು ವೋಫಾ ಬಾಟಲಿ ತೆಗೆದುಕೊಂಡರು.

ಆಮೇಲೆ ಫೋನನ್ನು ಫೀಫಿಯ ಮೂಗಿನ ಮುಂದೆ ಹಿಡಿದರು. "ಮೇಷ್ಟ್ರೇ, ಇದೇನು?"

ಫೀಫಿ ನನ್ನ ಕಡೆ ನೋಡಿದ. ಅವನ ತುಟಿ ಹತ್ತರ ತನಕ ಎಣಿಸುತ್ತಿರುವುದು ಕಾಣುತ್ತಿತ್ತು. ನಾನು ಪರದೆಯತ್ತ ಬಗ್ಗಿದೆ. ನನಗೆ ಕಂಡದ್ದು ದೇವದೂತನೂ ಅಲ್ಲ, ಹನಿಯೂ ಅಲ್ಲ. ತಲೆ ಬೋಳಾದ ಒಂದು ರಣಹದ್ದು.

"ಸೆಬೆ ವೋಫಾ," ಎಂದ ಫೀಫಿ, "ಮೋಡ."

"ನೋಡ್ರಪ್ಪಾ," ಎಂದರು ವೋಫಾ ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ಹುಡುಗ ಎಷ್ಟು ಚೆನ್ನಾಗಿ ತಪ್ಪು ಹೇಳ್ತಾನೆ!"